ಹಡಗಿನ ಮೇಲೆ ಮದುವೆ: ಮೊದಲು ಯೋಚಿಸಬೇಕಾದದ್ದೇನು?

ಪರಶುರಾಂಪುರಕ್ಕೆ ಸಮುದ್ರ ಬಹು ದೂರ. ಅಲ್ಲಿ ವೇದಾವತಿಯಲ್ಲಿ ನೀರು ಹರಿದರೆ ಅದೇ ದೊಡ್ಡ ಸುದ್ದಿ. ಮೇಲ್ಭಾಗದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಇಂಥ ಸೀಮೆಯಲ್ಲಿ ಹಡಗಿನ ಮದುವೆಯ ಮಾತೇಕೆ ಎಂದು ನೀವು ಕೇಳಬಹುದು. ಆದರೆ 2021ರಲ್ಲಿ ಮುಂಬಯಿಯಿಂದ ಕಾರ್ಡೀಲಿಯಾ ವಿಹಾರ ನೌಕೆಯ ಸಂಚಾರ ಆರಂಭವಾದ ಮೇಲೆ ಈ ಆಸೆ ನಮ್ಮ ಮಕ್ಕಳಿಗೂ ಕೈಗೆಟಕುವಂತೆ ಕಾಣುತ್ತಿದೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ. ಹುಡುಗನೂ ಕಥೋಲಿಕ. ಹಡಗಿನ ಮೇಲೆ, ಸೂರ್ಯ ಮುಳುಗುವ ಹೊತ್ತಿಗೆ ಮದುವೆಯಾಗಬೇಕೆಂದು ಇಬ್ಬರ ಆಸೆ. ತಂದೆ ಶೇಂಗಾ ಬೆಳೆಯ ಹಣವನ್ನು ಲೆಕ್ಕ ಹಾಕುತ್ತಾರೆ. ತಾಯಿ ಸುಮ್ಮನಿರುತ್ತಾರೆ. ಮಂಡಿನೋವಿನ ಅಜ್ಜಿ ಮಾತ್ರ ಕೇಳುತ್ತಾರೆ: "ಅಲ್ಲಿಗೆ ನಾನು ಹೆಂಗೆ ಬರ್ಲಿ?" ಈ ಮನೆಗೆ ನಾವೇನು ಹೇಳಬೇಕು?

ಕ್ಯಾಪ್ಟನ್ ಮದುವೆ ಮಾಡಿಸಬಹುದೇ?

ಸಿನಿಮಾ ನೋಡಿದವರು ಹೌದೆನ್ನುತ್ತಾರೆ. ಬರ್ಮುಡಾ, ಮಾಲ್ಟಾ ಮುಂತಾದ ಕಡೆ ನೋಂದಣಿಯಾದ ಕೆಲವು ಹಡಗುಗಳ ಕ್ಯಾಪ್ಟನ್ನರಿಗೆ ಅಲ್ಲಿಯ ಕಾನೂನು ಆ ಅಧಿಕಾರ ಕೊಡುತ್ತದೆ, ನಿಜ. ಆದರೆ ನಮ್ಮ ದೇಶದಲ್ಲಿ ಕ್ರೈಸ್ತರ ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಇದೆ. ಮದುವೆ ಯಾರು ನಡೆಸಬಹುದೆಂದು ಅದರ 5ನೇ ಕಲಮು ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಕ್ಯಾಪ್ಟನ್ ಇಲ್ಲ. ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ನಮ್ಮ ಗುರುಗಳು ಮದುವೆ ನಡೆಸಬೇಕಾದರೂ ಧರ್ಮಾಧ್ಯಕ್ಷರ ಪರವಾನಗಿ ಬೇಕೆಂದು 10ನೇ ಕಲಮು ಹೇಳುತ್ತದೆ.

ಧರ್ಮಸಭೆಯ ಮಾತು ಇನ್ನೂ ಸ್ಪಷ್ಟ. 1983ರ ಕಾನೂನು ಸಂಹಿತೆಯ 1108ನೇ ಕಟ್ಟಳೆಯಂತೆ, ಧರ್ಮಾಧ್ಯಕ್ಷರು, ಧರ್ಮಕೇಂದ್ರದ ಗುರುಗಳು ಅಥವಾ ಅವರಿಂದ ಅಧಿಕಾರ ಪಡೆದವರ ಮುಂದೆ, ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಮ್ಮತಿ ನೀಡಿದರೇನೇ ಇಬ್ಬರು ಕಥೋಲಿಕರ ವಿವಾಹ ಸಿಂಧು. ಒಂದು ತಿಂಗಳವರೆಗೆ ಅಂಥ ಗುರುಗಳು ಸಿಗುವ ಸಂಭವವೇ ಇಲ್ಲದಂಥ ಕಷ್ಟದಲ್ಲಿ ವಿನಾಯಿತಿ ಉಂಟು. ಮೂರು ದಿನದ ವಿಹಾರ ಅಂಥ ಕಷ್ಟವಲ್ಲ!

ನಮ್ಮ ಫಾದರನ್ನೇ ಕರೆದುಕೊಂಡು ಹೋದರೆ?

ಒಳ್ಳೆಯ ಪ್ರಶ್ನೆ. ಆದರೆ ವಿವಾಹ ನಡೆಸುವ ಅಧಿಕಾರ ಗುರುಗಳ ಜೊತೆ ಪ್ರಯಾಣ ಮಾಡುವುದಿಲ್ಲ. 1109ನೇ ಕಟ್ಟಳೆಯಂತೆ ಅದು ಅವರ ಧರ್ಮಕೇಂದ್ರದ ಎಲ್ಲೆಯೊಳಗೆ ಮಾತ್ರ. ಮುಂಬಯಿಯಲ್ಲಿ ನಿಂತ ಹಡಗಿನಲ್ಲಿ ಮದುವೆ ನಡೆಸಬೇಕಾದರೆ ಅಲ್ಲಿಯವರು ಅಧಿಕಾರ ಕೊಡಬೇಕು. ಗುಡಿಯಲ್ಲದೆ ಬೇರೆ ತಕ್ಕ ಸ್ಥಳದಲ್ಲಿ ಮದುವೆಯಾಗಲು ಅನುಮತಿ ಕೊಡುವುದೂ ಅಲ್ಲಿಯ ಧರ್ಮಾಧ್ಯಕ್ಷರಿಗೇ ಸೇರಿದ್ದು. ಹಡಗು ನಡುಗಡಲಿಗೆ ಹೋದಮೇಲೆ ಅಲ್ಲಿ ಯಾವ ಧರ್ಮಕೇಂದ್ರವಿದೆ?

ನಾವಿಕರ ಸೇವೆಗೆಂದೇ ನೇಮಕಗೊಂಡ ಗುರುಗಳ ವಿಷಯ ನೋಡಿ. 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಹೊರಡಿಸಿದ 'ಸ್ತೆಲ್ಲಾ ಮಾರಿಸ್' ಪತ್ರ, ಕಡಲ ಜನರ ಆತ್ಮಪಾಲನೆಯ ಎಲ್ಲ ಕಾರ್ಯಗಳನ್ನೂ ಅವರಿಗೆ ಒಪ್ಪಿಸುತ್ತದೆ. ವಿವಾಹವನ್ನು ಮಾತ್ರ ಬಿಡುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಏಕೆ?

ಹಿಂದೆ ಗುಟ್ಟಿನ ಮದುವೆಗಳು ಬಹಳ ನಡೆಯುತ್ತಿದ್ದವು. ಗಂಡು ಮಾತು ಕೊಟ್ಟು, ನಂತರ ಇಲ್ಲವೆಂದರೆ ಹೆಣ್ಣಿಗೆ ಸಾಕ್ಷಿ ಯಾರು? ಈ ಅನ್ಯಾಯ ತಡೆಯಲೆಂದೇ 1563ರಲ್ಲಿ ತ್ರೆಂತ್ ಮಹಾಸಭೆ, ಗುರು ಮತ್ತು ಸಾಕ್ಷಿಗಳು ಇರಲೇಬೇಕೆಂದು ವಿಧಿಸಿತು. ಮದುವೆಯ ಪ್ರಕಟಣೆ, ವಿಚಾರಣೆ, ಧರ್ಮಕೇಂದ್ರದ ದಾಖಲೆ, ಜ್ಞಾನಸ್ನಾನದ ಪುಸ್ತಕದಲ್ಲಿ ಬರೆಯುವ ಟಿಪ್ಪಣಿ, ಇವೆಲ್ಲ ಬರೀ ಕಾಗದಪತ್ರವಲ್ಲ. ನಿಮ್ಮ ಮಗಳ ಮಾತಿಗೆ ಒಂದು ಊರೇ ಸಾಕ್ಷಿ ನಿಂತಿದೆ ಎಂದು ಅರ್ಥ.

ಕಾನಾ ಊರಿನ ಮದುವೆಯನ್ನು ನೆನೆಯಿರಿ. ದ್ರಾಕ್ಷಾರಸ ಮುಗಿದದ್ದನ್ನು ಮೊದಲು ಗಮನಿಸಿದವರಲ್ಲಿ ಒಬ್ಬರು ಮಾತೆ ಮರಿಯಮ್ಮನವರು. ಮನೆಯ ಕಷ್ಟವನ್ನು ತನ್ನದೆಂದುಕೊಂಡ ಅತಿಥಿ ಅವರು. ಹಡಗಿನಲ್ಲಿ ಊಟ ಕಡಿಮೆಯಾಗಲಿಕ್ಕಿಲ್ಲ. ಆದರೆ ಮದುವೆಯಲ್ಲಿ ಮುಗಿದುಹೋಗುವುದು ಊಟವೊಂದೇ ಅಲ್ಲ. ಹತ್ತು ವರ್ಷದ ನಂತರ ತಾಳ್ಮೆ ಮುಗಿಯಬಹುದು, ಹಣ ಮುಗಿಯಬಹುದು. ಆಗ ಬಾಗಿಲು ತಟ್ಟಿ ಬರುವವರು ಅಂದು ಗುಡಿಯಲ್ಲಿ ಕುಳಿತು ಸಾಕ್ಷಿಯಾದ ಜನ. ಹಡಗು ಟಿಕೆಟ್ ಕೊಂಡವರನ್ನಷ್ಟೇ ಹತ್ತಿಸಿಕೊಳ್ಳುತ್ತದೆ. ಗುಡಿಗೆ ಟಿಕೆಟ್ ಇಲ್ಲ. ಅಜ್ಜಿಯ ಪ್ರಶ್ನೆಯ ತೂಕ ಅಲ್ಲಿದೆ.

ಹಾಗಾದರೆ ದಾರಿ ಯಾವುದು?

ಮಕ್ಕಳ ಆಸೆಯನ್ನು ಗದರಿಸಿ ಹತ್ತಿಕ್ಕಬೇಡಿ. ಸಮುದ್ರವೂ ದೇವರ ಸೃಷ್ಟಿಯೇ. ವಿವಾಹ ಸಂಸ್ಕಾರ ನಿಮ್ಮ ಗುಡಿಯಲ್ಲಿ, ಬಲಿಪೂಜೆಯೊಡನೆ ಆಗಲಿ. ಅನುಕೂಲವಿದ್ದರೆ ಹಡಗಿನ ಪ್ರಯಾಣ ಆಮೇಲೆ ಇರಲಿ. ಈ ಕೆಲವು ಸಂಗತಿ ಗಮನದಲ್ಲಿರಲಿ:

1. ಹಡಗಿಗೆ ಮುಂಗಡ ಕಟ್ಟುವ ಮೊದಲು ಧರ್ಮಕೇಂದ್ರದ ಗುರುಗಳನ್ನು ಕಾಣಿರಿ. ಜ್ಞಾನಸ್ನಾನದ ಪತ್ರ, ವಿವಾಹ ಸಿದ್ಧತೆಯ ತರಬೇತಿ, ಪ್ರಕಟಣೆ ಇವಕ್ಕೆಲ್ಲ ಸಮಯ ಬೇಕು. ಚಿತ್ರದುರ್ಗ ಜಿಲ್ಲೆ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ವಿಶೇಷ ಅನುಮತಿ ಏನೇ ಬೇಕಾದರೂ ನಿಮ್ಮ ಗುರುಗಳ ಮೂಲಕವೇ ಕೇಳಿರಿ.

2. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಕಡಲು ಮಳೆಗಾಳಿಗೆ ಒರಟಾಗಿರುತ್ತದೆ. ಮಳೆ ಮುಗಿದು ಶೇಂಗಾ ಕೈಗೆ ಬಂದ ಮೇಲಿನ ತಿಂಗಳುಗಳು ವಾಸಿ.

3. ವಿದೇಶಕ್ಕೆ ಹೋಗುವ ಹಡಗಾದರೆ ಎಲ್ಲರಿಗೂ ಪಾಸ್‌ಪೋರ್ಟ್ ಬೇಕು. ತುಂಬು ಗರ್ಭಿಣಿಯರನ್ನು ಹಡಗುಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ತಡವಾಗಿ ಬಂದವರಿಗಾಗಿ ಹಡಗು ಕಾಯುವುದೂ ಇಲ್ಲ.

4. ಸಾಲ ಮಾಡಿ ಹೋಗಬೇಡಿ. ಮಳೆಯನ್ನು ನಂಬಿದ ಹೊಲದ ಮೇಲೆ ಮೂರು ದಿನದ ಸಂತೋಷಕ್ಕಾಗಿ ಮೂರು ವರ್ಷದ ಭಾರ ಹೇರುವುದು ಸರಿಯಲ್ಲ.

ಮನೆಯಲ್ಲಿ ಕೂಡಿ ಮಾತನಾಡಲು

ನಮ್ಮ ಮದುವೆಗೆ ಯಾರು ಬಾರದಿದ್ದರೆ ನಮಗೆ ಹೆಚ್ಚು ನೋವು? ಅವರು ಬರಲು ಅನುಕೂಲವಾದ ಸ್ಥಳವನ್ನು ಆರಿಸಿದ್ದೇವೆಯೇ? ನಮ್ಮ ಮದುವೆಗೆ ಸಾಕ್ಷಿಯಾದವರಲ್ಲಿ ಇಂದಿಗೂ ನಮ್ಮ ಕಷ್ಟಸುಖ ವಿಚಾರಿಸುವವರು ಯಾರು? ಇಂದು ರಾತ್ರಿ ಜಪಸರದ ನಂತರ ಅವರ ಹೆಸರು ಹೇಳಿ ಪ್ರಾರ್ಥಿಸೋಣ.