ಕೆಲಸ ಕಲಿಸುವ ಹಿರಿಯನ ಆಯ್ಕೆ

1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳನ್ವಯ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಉದ್ದಿಮೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ; 4ರಿಂದ 29 ಮಂದಿಯಿರುವ ಘಟಕಗಳಿಗೆ ಐಚ್ಛಿಕ. ಆದರೆ ಅವರನ್ನು ಯಾರ ಕೈಗೊಪ್ಪಿಸಬೇಕೆಂದು ಮಾಲೀಕರು ಯೋಚಿಸುವುದು ಕಡಿಮೆ. ಸಾಮಾನ್ಯವಾಗಿ ಅತ್ಯಂತ ನುರಿತ ಕಸುಬುದಾರನ ಬಳಿ ಬಿಡುತ್ತೇವೆ. ಕೈ ನುರಿತಷ್ಟೂ ಕೆಲಸವನ್ನು ಬಿಡಿಸಿ ಹೇಳುವ ಅಭ್ಯಾಸ ತಪ್ಪಿರುತ್ತದೆ.

ಎರಡನೆಯ ಮಹಾಯುದ್ಧ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಹೊಸ ಕಾರ್ಮಿಕರನ್ನು ಬೇಗನೆ ಪಳಗಿಸಲು ನಾಲ್ಕು ಹಂತಗಳ ಕ್ರಮವೊಂದು ಬಳಕೆಗೆ ಬಂದಿತು: ಕಲಿಯುವವನನ್ನು ಸಿದ್ಧಗೊಳಿಸುವುದು, ಮಾಡಿ ತೋರಿಸುವುದು, ಅವನಿಂದಲೇ ಮಾಡಿಸುವುದು, ಅನಂತರವೂ ಗಮನಿಸುತ್ತಿರುವುದು. ಇವುಗಳಲ್ಲಿ ಮೂರನೆಯದೇ ಕಠಿಣ. ತಾನೇ ಮಾಡಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದಲ್ಲ! ಹುಡುಗನು ಲೇತಿಗೆ ಟೂಲ್ ಕಟ್ಟುವಾಗ ಕೈಹಾಕದೆ, ಅದರ ತುದಿ ಸೆಂಟರಿನ ಮಟ್ಟಕ್ಕೇ ಏಕಿರಬೇಕೆಂದು ಕೇಳಿ, ಉತ್ತರಕ್ಕೆ ಕಾಯಬಲ್ಲವನೇ ತಕ್ಕ ಮಾರ್ಗದರ್ಶಿ.

ಇನ್ನೊಂದು ಮಾತು. ಪೀಸ್ ರೇಟಿನಲ್ಲಿ ದುಡಿಯುವವನಿಗೆ ಕಲಿಸುವ ಪ್ರತಿ ಗಂಟೆಯೂ ಕೂಲಿಯ ನಷ್ಟ. ಅದನ್ನು ಅವನ ಔದಾರ್ಯಕ್ಕೆ ಬಿಡುವುದು ನ್ಯಾಯವಲ್ಲ. ಆ ಅವಧಿಗೆ ಅವನ ಸರಾಸರಿ ಗಳಿಕೆಯನ್ನು ತುಂಬಿಕೊಡತಕ್ಕದ್ದು. ಹುಡುಗನ ಕೈಯಲ್ಲಿ ಕೆಟ್ಟ ಬಿಡಿಭಾಗಗಳನ್ನು ಅವನ ಲೆಕ್ಕಕ್ಕೆ ಬರೆಯಲಾಗದು.