ನೋಟಾ ಒತ್ತಿ ಬಂದ ಮೊಮ್ಮಗಳಿಗೆ

ಮೂಡಲಗಿ
ಡಿಸೆಂಬರ್ 2019



“ಅಜ್ಜಾ, ಯಾರಿಗೆ ಹಾಕಿದ್ರೂ ಓಟು ಒಂದ ಮನಿಗೆ ಹೋಗ್ತದ. ಅದಕ್ಕ ನೋಟಾ ಒತ್ತಿ ಬಂದೆ. ಆದ್ರೂ ಸಮಾಧಾನ ಇಲ್ಲ” ಅಂತ ಫೋನಿನಲ್ಲಿ ಅಂದೆಯಲ್ಲ, ಆ ಮಾತು ತಲೆಯಲ್ಲೇ ಉಳಿದಿದೆ.

ನಿನ್ನ ಬೇಸರ ಸುಳ್ಳಲ್ಲ. ಗೋಕಾಕದ ಈ ಉಪಚುನಾವಣೆಯಲ್ಲಿ ರಮೇಶ ಜಾರಕಿಹೊಳಿ ಬಿಜೆಪಿಯಿಂದ ನಿಂತರೆ, ತಮ್ಮ ಲಖನ್ ಕಾಂಗ್ರೆಸ್ಸಿನಿಂದ. ಅವರ ಸಹೋದರರಲ್ಲಿ ಸತೀಶ ಲಖನ್ ಕಡೆ, ನಮ್ಮ ಅರಭಾವಿಯ ಶಾಸಕ ಬಾಲಚಂದ್ರ ರಮೇಶರ ಕಡೆ. 2018ರ ಮೇ ತಿಂಗಳಲ್ಲಿ ಕೈ ಗುರುತಿನಿಂದ ಗೆದ್ದಿದ್ದ ರಮೇಶರೇ ಈಗ ಕಮಲ ಹಿಡಿದು ಬಂದರು, 29 ಸಾವಿರ ಮತಗಳ ಅಂತರದಿಂದ ಗೆದ್ದರು. ಆಗಸ್ಟಿನಲ್ಲಿ ನಿಮ್ಮೂರೊಳಗೆ ನುಗ್ಗಿದ ಘಟಪ್ರಭಾ ನದಿಯ ಕೆಸರಿನ ಗೆರೆ ಗೋಡೆಗಳ ಮೇಲೆ ಇನ್ನೂ ಮಾಸಿಲ್ಲ. ಜನ ಮಾತಾಡಿದ್ದು ಮಾತ್ರ ಅಣ್ಣತಮ್ಮಂದಿರ ಜಗಳ.

ಆದರೂ ಒಂದು ಮಾತು. ಜೆಡಿಎಸ್‌ನ ಅಶೋಕ ಪೂಜಾರಿಯವರೂ ಕಣದಲ್ಲಿದ್ದರು. “ಯಾರಿಗೆ ಹಾಕಿದ್ರೂ” ಅನ್ನುವಾಗ ಅವರನ್ನು ನೀನು ಲೆಕ್ಕಕ್ಕೇ ಹಿಡಿಯಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ ನೋಟಾ ಒತ್ತಿದ್ದು ತಪ್ಪಲ್ಲ, ಅದು ನಿನ್ನ ಹಕ್ಕು. ಆದರೆ ನೋಟಾಕ್ಕೇ ಹೆಚ್ಚು ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿದ್ದವರೇ ಗೆಲ್ಲುತ್ತಾರೆ. ನಿನ್ನ ಸಿಟ್ಟು ದಾಖಲಾಗುತ್ತದೆ, ಕುರ್ಚಿ ಅಲುಗುವುದಿಲ್ಲ.

ದೊಡ್ಡ ಮನೆತನಗಳು ಸೋಲುವುದೇ ಇಲ್ಲ ಅಂತ ತಿಳಿಯಬೇಡ. ಪಕ್ಕದ ಹುಕ್ಕೇರಿಯಲ್ಲಿ 1985ರಿಂದ ಗೆಲ್ಲುತ್ತಲೇ ಬಂದಿದ್ದ ಉಮೇಶ ಕತ್ತಿಯವರನ್ನು 2004ರಲ್ಲಿ ಅದೇ ಜನ ಮನೆಯಲ್ಲಿ ಕೂರಿಸಿದರು. ಯಮಕನಮರಡಿಯಲ್ಲಿ 2018ರಲ್ಲಿ ಸತೀಶ ಜಾರಕಿಹೊಳಿ ಉಳಿದದ್ದು ಬರೀ 2,850 ಮತಗಳಿಂದ. ನಾಲ್ಕೈದು ಹಳ್ಳಿಗಳು ಮನಸ್ಸು ಬದಲಿಸಿದ್ದರೆ ಕಥೆಯೇ ಬೇರೆ ಇರುತ್ತಿತ್ತು.

ಇನ್ನೊಂದು ತಿಳಿದುಕೋ. ಎಣಿಕೆ ಮುಗಿದ ಮೇಲೆ ಬೂತುವಾರು ಲೆಕ್ಕ ಹೊರಗೆ ಬರುತ್ತದೆ. ಯಾರಿಗೆ ಹಾಕಿದಿ ಅನ್ನುವುದು ಗುಟ್ಟು, ನಿಮ್ಮ ಓಣಿ ಎತ್ತ ವಾಲಿತು ಅನ್ನುವುದು ಗುಟ್ಟಲ್ಲ. ಗೆದ್ದವರೂ ಸೋತವರೂ ಕನ್ನಡಕ ಹಾಕಿಕೊಂಡು ಓದುವ ಹಾಳೆ ಅದು. ಮನೆಯಲ್ಲೇ ಕೂತವರ ಸಿಟ್ಟು ಆ ಹಾಳೆಯಲ್ಲಿ ಯಾವ ಸಾಲಿನಲ್ಲೂ ಕಾಣುವುದಿಲ್ಲ. ನಮ್ಮ ಕಾಲದಲ್ಲಿ ಓಟಿಗೆ 21 ತುಂಬಬೇಕಿತ್ತು. ನಿಮಗೆ 1989ರಿಂದ 18ಕ್ಕೇ ಸಿಕ್ಕಿದೆ, ಮೂರು ವರ್ಷ ಮೊದಲೇ ಜವಾಬ್ದಾರಿ ಬಂತು ಅಂತ ತಿಳಿ.

ಆ ಜವಾಬ್ದಾರಿ ಶಾಯಿ ಹಚ್ಚಿಸಿಕೊಂಡಲ್ಲಿಗೆ ಮುಗಿಯುವುದಿಲ್ಲ. ನೆರೆಯಲ್ಲಿ ಪೂರಾ ಬಿದ್ದ ಮನೆಗೆ 5 ಲಕ್ಷ ಕೊಡುತ್ತೇವೆ ಅಂತ ಸರಕಾರ ಹೇಳಿದೆ. ನಿಮ್ಮ ಓಣಿಯಲ್ಲಿ ಯಾರ ಹೆಸರು ಪಟ್ಟಿಯಲ್ಲಿದೆ, ಯಾರದು ಬಿಟ್ಟುಹೋಗಿದೆ ಬರೆದುಕೋ. ಗೆಳತಿಯರನ್ನು ಕರೆದುಕೊಂಡು ತಹಶೀಲ್ದಾರ ಕಚೇರಿಗೆ ಹೋಗು, ಅಲ್ಲಿ ಆಗದಿದ್ದರೆ ಶಾಸಕರ ಮನೆಗೇ ಹೋಗಿ ಕೇಳು. ನೋಟಾ ಒತ್ತಿದವಳಿಗೂ ಅವರೇ ಶಾಸಕರು, ಉತ್ತರ ಕೊಡಲೇಬೇಕು.

ಇಂತಿ ನಿನ್ನ ಅಜ್ಜ