ಹಳೆಯ ಗಣಕಯಂತ್ರದ ವೇಗ: ಮುಂಗಡ ಭರ್ತಿ ವ್ಯವಸ್ಥೆಯ ಅರಿವು ಮತ್ತು ಹೊಂದಾಣಿಕೆ

ಮುಂಬಯಿಯ ಪಶ್ಚಿಮ ಉಪನಗರವಾದ ಜೋಗೇಶ್ವರಿಯು ಸಣ್ಣ ಉದ್ದಿಮೆ, ಅಂಗಡಿ, ಉಪಾಹಾರಗೃಹ ಹಾಗೂ ಒಂದೆರಡು ಕೋಣೆಗಳ ಮನೆಗಳಿಂದ ಕಿಕ್ಕಿರಿದ ಪ್ರದೇಶ. ಇಲ್ಲಿಯ ಓಶಿವರಾ ಪೀಠೋಪಕರಣ ಪೇಟೆಯಲ್ಲಿ ಹಳೆಯ ಮರದ ಸಾಮಗ್ರಿಗಳು ದುರಸ್ತಿಗೊಂಡು ಮತ್ತೆ ಬಳಕೆಗೆ ಬರುತ್ತವೆ. ಇದೇ ವಿವೇಕ ಗಣಕಯಂತ್ರಕ್ಕೂ ಅನ್ವಯಿಸುತ್ತದೆ. ಅಂಗಡಿಯ ಲೆಕ್ಕಪತ್ರ, ವಸತಿ ಸಹಕಾರ ಸಂಘದ ದಾಖಲೆ, ವಿದ್ಯಾರ್ಥಿಯ ಪ್ರವೇಶ ಅರ್ಜಿ, ಕನ್ನಡ ಸಂಘದ ಆಮಂತ್ರಣ ಪತ್ರಿಕೆ ಮುಂತಾದ ಕೆಲಸಗಳನ್ನು ಹತ್ತು ವರ್ಷ ಹಳೆಯ ಯಂತ್ರವೂ ನಿರ್ವಹಿಸಬಲ್ಲದು. ಯಂತ್ರ ನಿಧಾನವಾಯಿತೆಂಬ ಒಂದೇ ಕಾರಣಕ್ಕೆ ಹೊಸದನ್ನು ಕೊಳ್ಳುವುದು ಅಲ್ಪ ಆದಾಯದ ಕುಟುಂಬಕ್ಕೆ ಹೊರೆಯಾಗುತ್ತದೆ. ಆದುದರಿಂದ ನಿಧಾನದ ಕಾರಣವನ್ನು ಮೊದಲು ಅರಿಯುವುದು ಅವಶ್ಯಕ.

ನಿಧಾನಕ್ಕೆ ಕಾರಣ

ಹಳೆಯ ಯಂತ್ರಗಳಲ್ಲಿ ಮಾಹಿತಿಯು ತಿರುಗುವ ತಟ್ಟೆಯುಳ್ಳ ಹಾರ್ಡ್ ಡಿಸ್ಕ್‌ನಲ್ಲಿರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಬೇಕಾದ ಭಾಗ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಓದುವ ಮುಳ್ಳು ಸ್ಥಳದಿಂದ ಸ್ಥಳಕ್ಕೆ ಸರಿಯಲು ಇನ್ನೂ ಸುಮಾರು 9 ಮಿಲಿಸೆಕೆಂಡು ಹಿಡಿಯುತ್ತದೆ. ಒಂದು ತಂತ್ರಾಂಶವು ತೆರೆದುಕೊಳ್ಳಲು ಚದುರಿದ 500 ತುಣುಕುಗಳನ್ನು ಓದಬೇಕಾದರೆ, ಹುಡುಕಾಟಕ್ಕೇ ಆರು ಸೆಕೆಂಡಿಗಿಂತ ಹೆಚ್ಚು ಕಾಲ ವ್ಯಯವಾಗುತ್ತದೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಇಂತಹ ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡು ಸಾಕು.

ಮುಂಗಡ ಭರ್ತಿ ಎಂದರೇನು?

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಇಡ್ಲಿಯ ಹಿಟ್ಟನ್ನು ರಾತ್ರಿಯೇ ರುಬ್ಬಿಡುತ್ತಾರೆ. ಗಿರಾಕಿ ಬಂದ ಮೇಲೆ ಅಕ್ಕಿ ನೆನೆಹಾಕುವ ಪದ್ಧತಿಯಿಲ್ಲ. ಕಾರ್ಯನಿರ್ವಹಣಾ ವ್ಯವಸ್ಥೆಯೂ ಹಾಗೆಯೇ ಬಳಕೆದಾರನ ರೂಢಿಯನ್ನು ಗಮನಿಸಿ, ಬೇಕಾಗಬಹುದಾದ ಮಾಹಿತಿಯನ್ನು ಡಿಸ್ಕ್‌ನಿಂದ ಸ್ಮೃತಿಕೋಶಕ್ಕೆ, ಅಂದರೆ ರ‍್ಯಾಮ್‌ಗೆ, ಮುಂಚಿತವಾಗಿಯೇ ತರುತ್ತದೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ಪ್ರಿಫೆಚ್’ ಎಂಬ ಈ ಸೌಲಭ್ಯ ಮೊದಲು ಸೇರಿತು. ಇದು ತಂತ್ರಾಂಶವೊಂದು ತೆರೆಯುವಾಗ ಮೊದಲ ಸೆಕೆಂಡುಗಳಲ್ಲಿ ಯಾವ ಯಾವ ಕಡತಗಳನ್ನು ಓದಿತೆಂಬುದನ್ನು ದಾಖಲಿಸಿಕೊಂಡು, ಮುಂದಿನ ಬಾರಿ ಅವುಗಳನ್ನು ಕ್ರಮವಾಗಿ ಒಮ್ಮೆಗೇ ತರುತ್ತದೆ. 2007ರ ವಿಂಡೋಸ್ ವಿಸ್ತಾದಲ್ಲಿ ‘ಸೂಪರ್‌ಫೆಚ್’ ಬಂದಿತು. ತಂತ್ರಾಂಶವನ್ನು ತೆರೆಯುವ ಮೊದಲೇ ಅದರ ಮಾಹಿತಿಯನ್ನು ತಂದಿಡುವುದು ಇದರ ವೈಶಿಷ್ಟ್ಯ. 2018ರಲ್ಲಿ ವಿಂಡೋಸ್ 10ರ ಆವೃತ್ತಿಯೊಂದರಿಂದ ಇದಕ್ಕೆ ‘ಸಿಸ್‌ಮೇನ್’ ಎಂಬ ಹೆಸರಾಯಿತು. ಲಿನಕ್ಸ್ ವ್ಯವಸ್ಥೆಯಲ್ಲಿ ಇದೇ ಕೆಲಸಕ್ಕೆ ‘ಪ್ರಿಲೋಡ್’ ಎಂಬ ತಂತ್ರಾಂಶವಿದೆ.

ಯಾವ ಯಂತ್ರಕ್ಕೆ ಯಾವ ಹೊಂದಾಣಿಕೆ?

ಹಾರ್ಡ್ ಡಿಸ್ಕ್ ಇದ್ದು, ರ‍್ಯಾಮ್ 4 ಜಿಬಿ ಅಥವಾ ಹೆಚ್ಚಿರುವ ಯಂತ್ರಕ್ಕೆ ಮುಂಗಡ ಭರ್ತಿ ಸಾಮಾನ್ಯವಾಗಿ ಉಪಕಾರಿ. ಅದನ್ನು ಇದ್ದಂತೆಯೇ ಬಿಡುವುದು ಲೇಸು. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಇದರ ಲಾಭ ಅಲ್ಪ, ಹಾನಿಯೂ ಅಲ್ಪ. ಹಾರ್ಡ್ ಡಿಸ್ಕ್ ಜೊತೆಗೆ ರ‍್ಯಾಮ್ ಕೇವಲ 2 ಜಿಬಿ ಇದ್ದಾಗ ಮಾತ್ರ ತೊಡಕು ಕಾಣಬಹುದು. ಅಡುಗೆಮನೆಯೇ ಇಕ್ಕಟ್ಟಾಗಿದ್ದರೆ ಮುಂಚಿತವಾಗಿ ತಂದಿಟ್ಟ ಪಾತ್ರೆಗಳೇ ಕೆಲಸಕ್ಕೆ ಅಡ್ಡಿಯಾಗುವಂತೆ, ಹಿನ್ನೆಲೆಯ ಓದು ಮುನ್ನೆಲೆಯ ಕೆಲಸದೊಡನೆ ಡಿಸ್ಕ್‌ಗಾಗಿ ಪೈಪೋಟಿ ನಡೆಸುತ್ತದೆ.

ಪರೀಕ್ಷಿಸುವ ಕ್ರಮ ಹೀಗಿದೆ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಯಂತ್ರ ಆರಂಭವಾಗಿ ಹತ್ತು ಹದಿನೈದು ನಿಮಿಷಗಳಾದ ಮೇಲೂ ಡಿಸ್ಕ್ ಬಳಕೆ ಶೇ. 100ರಲ್ಲಿಯೇ ನಿಂತಿದ್ದರೆ, ‘ಸರ್ವಿಸಸ್’ ಪಟ್ಟಿಯಲ್ಲಿ ‘ಸಿಸ್‌ಮೇನ್’ ಅನ್ನು ಆರಿಸಿ, ‘ಸ್ಟಾರ್ಟಪ್ ಟೈಪ್’ ಎಂಬಲ್ಲಿ ‘ಡಿಸೇಬಲ್ಡ್’ ಎಂದಿರಿಸಿ ಯಂತ್ರವನ್ನು ಮರಳಿ ಆರಂಭಿಸಬೇಕು. ಮೂರು ನಾಲ್ಕು ದಿನ ಎಂದಿನ ಕೆಲಸಗಳನ್ನೇ ಮಾಡುತ್ತ, ಬದಲಾವಣೆಗೆ ಮುಂಚಿನ ಹಾಗೂ ಅನಂತರದ ಆರಂಭದ ಅವಧಿಯನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಬೇಕು. ಪ್ರಯೋಜನ ಕಾಣದಿದ್ದರೆ ‘ಆಟೋಮ್ಯಾಟಿಕ್’ ಸ್ಥಿತಿಗೆ ಹಿಂದಿರುಗಿಸಬೇಕು.

ತಪ್ಪು ತಿಳಿವಳಿಕೆಗಳು

‘ಪ್ರಿಫೆಚ್’ ಕಡತಕೋಶವನ್ನು ಆಗಾಗ್ಗೆ ಅಳಿಸಿದರೆ ಯಂತ್ರ ಚುರುಕಾಗುತ್ತದೆಂಬ ನಂಬಿಕೆ ನಿರಾಧಾರವಾದುದು. ಹಾಗೆ ಅಳಿಸಿದಾಗ ವ್ಯವಸ್ಥೆಯು ಕಲಿತುದನ್ನೆಲ್ಲ ಕಳೆದುಕೊಂಡು, ಮುಂದಿನ ಕೆಲವು ಬಾರಿ ಇನ್ನಷ್ಟು ನಿಧಾನವಾಗುತ್ತದೆ. ಹಳೆಯ ದಾಖಲೆಗಳನ್ನು ವ್ಯವಸ್ಥೆ ತಾನೇ ತೆಗೆದುಹಾಕುತ್ತದೆ. ಮುಂಗಡವಾಗಿ ತುಂಬಿದ ಮಾಹಿತಿಯಿಂದ ರ‍್ಯಾಮ್ ವ್ಯರ್ಥವಾಗುತ್ತದೆಂಬುದೂ ಸರಿಯಲ್ಲ. ಬೇರೊಂದು ತಂತ್ರಾಂಶ ಕೇಳಿದೊಡನೆ ಆ ಜಾಗ ತೆರವಾಗುತ್ತದೆ. ಸಿಸ್‌ಮೇನ್‌ಗಿಂತ ಹೆಚ್ಚಾಗಿ ಯಂತ್ರವನ್ನು ತಡೆಯುವುದು ಆರಂಭದಲ್ಲಿಯೇ ತಾವಾಗಿ ತೆರೆದುಕೊಳ್ಳುವ ಅನವಶ್ಯಕ ತಂತ್ರಾಂಶಗಳು. ಇವನ್ನು ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ವಿಭಾಗದಲ್ಲಿ ನಿಲ್ಲಿಸಬಹುದು.

ಮಿತಿ ಮತ್ತು ಎಚ್ಚರಿಕೆ

ಹೊಂದಾಣಿಕೆಯಿಂದ ದೊರೆಯುವ ಲಾಭಕ್ಕೆ ಮಿತಿಯುಂಟು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಅಳವಡಿಸುವುದು, ರ‍್ಯಾಮ್ ಹೆಚ್ಚಿಸುವುದು ಹೊಸ ಯಂತ್ರದ ಬೆಲೆಯ ಅಲ್ಪ ಭಾಗದಲ್ಲಿಯೇ ಆಗುವ ಸುಧಾರಣೆಗಳು. ಬದಲಾವಣೆಗೆ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಬೇಕು.

ವೇಗ ಮತ್ತು ಸುರಕ್ಷತೆ ಬೇರೆ ಬೇರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಸುರಕ್ಷತಾ ಪರಿಷ್ಕರಣೆ ದೊರೆಯದ ಯಂತ್ರದಲ್ಲಿ, ಅದು ಎಷ್ಟೇ ಚುರುಕಾಗಿದ್ದರೂ, ಬ್ಯಾಂಕ್ ವ್ಯವಹಾರ ನಡೆಸುವುದು ತರವಲ್ಲ. ವಿಂಡೋಸ್ 11 ಸ್ವೀಕರಿಸದ ಯಂತ್ರಗಳಿಗೆ ಲಿನಕ್ಸ್ ಒಂದು ಮಾರ್ಗ. ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಬಾಸ್’ ಲಿನಕ್ಸ್ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬಳಕೆಗೆ ಅನುಕೂಲವಾಗಿದೆ.

ದುರಸ್ತಿಗೆ ಬಾರದ ಯಂತ್ರವನ್ನು ಕಸದೊಡನೆ ಎಸೆಯಲಾಗದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದು ನೋಂದಾಯಿತ ಮರುಬಳಕೆದಾರರನ್ನು ಸೇರಬೇಕು. ಆದರೆ ಅಂತಹ ನಿರ್ಧಾರಕ್ಕೆ ಮೊದಲು ಯಂತ್ರದ ಡಿಸ್ಕ್ ಯಾವುದು, ರ‍್ಯಾಮ್ ಎಷ್ಟು, ಕೆಲಸ ತಡೆಯುತ್ತಿರುವುದು ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ಅನೇಕ ಯಂತ್ರಗಳು ಇನ್ನೂ ಕೆಲವು ವರ್ಷ ಉಪಯುಕ್ತವಾಗಿ ಉಳಿಯಬಲ್ಲವು.